ಚುಕ್ಕಿ ಒಂದು ಚುಕ್ಕಿ ಒಂದು

ಮೂರು ದಿನಾ ಆತು, ರೊಟ್ಟಿ ಫೋಟೋ ಒಂದೂ ಹೋಗವಲ್ಲದು.
ಸೇಡಂ ರೋಡಿನ ಖಾನಾವಳಿಯವ ಎರಡು ಸಲ ಬೈದ.
ಫೋನಿನ ನಡುವ ಸಣ್ಣ ಗಾಲಿ
ಗಾಣದೆತ್ತಿನಂಗ ಸುತ್ತೇ ಸುತ್ತತದ,
ಎಣ್ಣಿ ಮಾತ್ರ ಇಳಿಯಂಗಿಲ್ಲ.

ಮೊಯಿನಗ ಫೋನ್ ಹಚ್ಚಿದೆ. ಎಲ್ಲೋ ಏಣಿ ಮ್ಯಾಲ ಇದ್ದ,
ಬಾಯಾಗ ವೈರ್ ಕಚ್ಚಿಕೊಂಡೇ ಮಾತಾಡ್ದ:
"ಇವತ್ತ ಬರಾಕಾಗಲ್ಲ ಜಗದೇವಕ್ಕಾ, ನೀವೇ ಒಳಗ ಹೋಗ್ರಿ."
ಎದರೊಳಗ?

ಜ್ವಾಳದ ಡಬ್ಬಿ ಮ್ಯಾಲಿನ ಬಿಳಿ ಪೆಟ್ಟಿಗಿ ಹೊಳ್ಳಿಸಿದೆ.
ಹಿಟ್ಟಿನ ಧೂಳ, ಎರಡು ಸತ್ತ ಇರುವಿ,
ಮೇ ತಿಂಗಳ ಕಿಡಕಿ ಬಿಸಿಲಿಗೆ ಹಂಚಿನಂಗ ಕಾದ ಬೆನ್ನು.
ಬೆನ್ನಿಗೆ ಹಚ್ಚಿದ ಚೀಟಿ:
ಹೆಸರು ಅಡ್ಮಿನ್. ಗುಟ್ಟೂ ಅಡ್ಮಿನ್.
ಮೂರು ವರ್ಷ ಕೀಲಿ ಹಾಕೇ ಮಲಗೀವಿ,
ಕೀಲಿಕೈ ಬಾಗಲಕ್ಕೇ ತೂಗಹಾಕಿ.

ವಿಳಾಸ ಹೇಳ್ದ, ಬಿಡಿಸಿ ಬಿಡಿಸಿ.
ನೂರಾ ತೊಂಬತ್ತೆರಡು. ಚುಕ್ಕಿ. ನೂರಾ ಅರವತ್ತೆಂಟು.
ಚುಕ್ಕಿ. ಒಂದು. ಚುಕ್ಕಿ. ಒಂದು.
"ಯಾರ ಮನಿ ನಂಬರೋ ಇದು?"
"ಭಾಳ ಮಂದಿ ಮನೀದು ಇದೇ ಅಕ್ಕಾ."
ಹಂಗಾದ್ರ ಟಪಾಲಿನವ ಏನ್ ಮಾಡಬೇಕು!
ಬ್ರಹ್ಮಪುರದಾಗ ಹೊಡದ್ರ ನನ್ನ ಮನಿ ತೆರೀತದ,
ಶಹಾಬಜಾರದಾಗ ಹೊಡದ್ರ ಅವರ ಮನಿ.
ಕುಂತಲ್ಲಿಂದ ಒಳಗಷ್ಟೇ ಒಯ್ಯೋ ದಾರಿ.

ಮೊದಲ ಸಲ ದೊಡ್ಡ ಎ ಬಿತ್ತು.
ಕೆಂಪಕ್ಷರದಾಗ ಬೈತು. ನನ್ನ ಪೆಟ್ಟಿಗಿ,
ನನ್ನ ಕೂನ ನನಗೇ ಕೇಳ್ತದ.
ಸೆರಗಿಗೆ ಕೈ ವರಸಿ ಮತ್ತ ಹೊಡದೆ.

ತೆರೀತು.
ತಿಳೀದಿದ್ದೇ ಭಾಳ. ಕೆಳಗ ಒಂದು ಯಾದಿ:
ಕೂಡಿದವು ಹನ್ನೊಂದು.
ನಮ್ಮವು ಮೂರು. ನಂದು, ರೊಟ್ಟಿ ಬಡಿಯೋ ಗುರುಬಾಯಿದು,
ಮಗಳದು, ಗಾಜು ಸೀಳಿದ್ದು.
ಉಳಿದವ್ರು ಯಾರವ್ವಾ, ಹೇಳದೇ ಕೇಳದೇ
ನನ್ನ ಒಲಿ ಮುಂದ ಪಂಕ್ತಿಗೆ ಕುಂತವ್ರು?
ಬೆರಳು ಇಟ್ಟು ಓದಕೋತ ಹೋದೆ.
ಏಳನೇದು: ರತ್ನಾಬಾಯಿ ಟೀವಿ.

ಬಾಜೂ ಮನಿ. ಆರು ವರ್ಷ ಮಾತಿಲ್ಲ,
ಅವರ ಬಚ್ಚಲ ನೀರು ನಮ್ಮ ಫರಸಿ ಕೆಳಗ ನುಗ್ಗಿ
ಎರಡು ಚೀಲ ಜ್ವಾಳ ಬೂಸ್ಟು ಹಿಡದ ದಿನದಿಂದ.
ನೀರು ಅತ್ತಿಂದ ಇತ್ತ ಬಂದಿದ್ದಕ್ಕ ಪಂಚಾಯ್ತಿ ಆತು.
ಇದು ಇತ್ತಿಂದ ಅತ್ತ ಹೊಂಟಿತ್ತು, ಅದೇ ಗ್ವಾಡಿ ದಾಟಿ,
ಒಂದು ಹನಿ ತೊಯ್ಸದೇ.
"ಯಾರ್ ಕೊಟ್ಟಾರ ಗುಟ್ಟು?" ಅಂದ್ರ
ಮಗಳು ಪರಾತದಾಗಿನ ಹಿಟ್ಟೇ ನೋಡ್ತಾಳ.
ಅವರ ಹುಡುಗಿಗೆ ಪರೀಕ್ಷಾ ಇತ್ತಂತ.

ಬದಲ್ ಮಾಡ್ದೆ. ಏನಿಟ್ಟೆ ಅಂತ ಇಲ್ಲಿ ಹೇಳಂಗಿಲ್ಲ.
ಅದರ ಮ್ಯಾಲಿನ ಖಾನೆ: ಹೆಸರು.
ಕೈ ತಡೀಲಿಲ್ಲ. ಇಂಗ್ಲಿಷ್ ಅಕ್ಷರದಾಗ ನಮ್ಮ ಮಾತು ಬರದೆ:
ಗಟಾರ ಕಟ್ಟಿಸ್ರಿ.
ದೀಪ ಎಲ್ಲಾ ಆರಿ, ಒಂದೊಂದೇ ಹತ್ತಿದವು.
ಗ್ವಾಡಿ ಆಚಿ ಸೀರಿಯಲ್ಲಿನ ಅಳು
ಅರ್ಧಕ್ಕ ನಿಂತಿತು.

ಹೊತ್ತು ಮುಣಗೂತನ ಏನಿಲ್ಲ.
ರಾತ್ರಿ ನನ್ನ ಹೆಸರಿನ ಕೆಳಗ ಹೊಸ ಹೆಸರು,
ಅವರ ಮೊಬೈಲಿಂದು:
ಮೊದಲ್ ಬೇವಿನ ಟೊಂಗಿ ಕಡೀರಿ.

ಹೊರಗ ಬಂದು ಬ್ಯಾಟರಿ ಬಿಟ್ಟು ನೋಡ್ದೆ.
ನಮ್ಮ ಬೇವು ಅವರ ಮಾಳಿಗಿ ತನ ಬೆಳದದ.
ಎಲಿ ಉದುರಿ ಉದುರಿ ಕೊಳವಿ ಬಾಯಿಗೆ ಬಿರಡಿ ಬಡದಂಗ.
ನೀರರೆ ಮತ್ತ ಎಲ್ಲಿ ಹೋಗಬೇಕು.
ಆರು ವರ್ಷ ಇದನ್ನ ಯಾರೂ ಹೇಳಿರಲಿಲ್ಲ.
ಹೇಳಾಕ ನಾ ಯಾರಿಗೂ ಬಾಯಿ ಬಿಡಗೊಟ್ಟಿರಲಿಲ್ಲ.

ಮತ್ತ ಕುಂತೆ. ನೂರಾ ತೊಂಬತ್ತೆರಡು, ಚುಕ್ಕಿ.
ಈ ಸಲ ಸಣ್ಣ ಎ.
ಖಾನೆ ಖಾಲಿ ಮಾಡ್ದೆ, ಗೆರಿ ಮಿಣಕ್ತಿತ್ತು.
ಮೂವತ್ತೆರಡೇ ಅಕ್ಷರ ಹಿಡೀತಾವಂತ ಇದರಾಗ.
ಆರು ವರ್ಷಕ್ಕ ಮೂವತ್ತೆರಡು.
ಟೊಂಗಿ ಅಂತ ಶುರು ಮಾಡ್ದೆ.