ನೋಡೂದಕ್ಕ ಇಟ್ಟದ್ದು

ಬನಹಟ್ಟಿಯೊಳಗ ನಮ್ಮ ಮಗ್ಗದ ಶೆಡ್ಡಿನ ತಗಡಿನ ಮ್ಯಾಲ
ಯಾರೂ ಹಚ್ಚದ ಕುಂಬಳಬಳ್ಳಿ.
ಶ್ರಾವಣದಾಗ ಹೂವು, ಭಾದ್ರಪದಕ್ಕ ಹೀಚು;
ದಿನಾ ಖಟಖಟ ಕೇಳಿ ಕೇಳಿ
ಮೈತುಂಬ ಗೀರು ಮೂಡ್ಯಾವ,
ಸೀರಿ ದಡಿಯಂಥಾ ಗೀರು.

ಸೀಗಿ ಹುಣ್ಣಿಮಿ ಮುಂದ ಇಳಿಸಿದಿವಿ. ಹನ್ನೊಂದು ಕಿಲೊ.
"ಹೋಳು ಮಾಡೂಣು, ಕಡಬಿಗಿ ಆಗತೈತಿ" ಅಂದ್ಲು ನೆಗೆಣ್ಣಿ ಶಾವಂತ್ರಿ,
ಈಳಿಗಿನೂ ತಂದು ಇಟ್ಟಳು.
ನಾನು ಅದರ ಬೆನ್ನ ಮ್ಯಾಲ ಕೈಯಿಟ್ಟೆ:
ಒಳಗ ಇನ್ನೂ ಬಿಸಿಲಿತ್ತು.

ಈಗ ಹೊಸ್ತಿಲ ಬಾಜೂಕ ಕುಂತೈತಿ,
ಸುತ್ತ ನಾಕು ಒಣ ಸೋರಿಬುರುಡಿ,
ಬನ್ನಿ ಕೊಡಾಕ ತಡಾಗಿ ಬಂದ ಬೀಗರಂಗ.

ನೂಲಿನ ಸಾವುಕಾರ ಕೇಳಿದ: "ಎಷ್ಟಕ್ಕ ಕೊಡ್ತಿ?"
ಅಷ್ಟರಾಗ ಕರೆಂಟು ಹೋತು. ಓಣಿ ತುಂಬ ಒಮ್ಮೆಲೆ ಸುಮ್ಮನ.
ಅಂವನೂ ಕುಂತ, ನೋಡಕೋತ.