ಒಂದೆರಡು ಕಡೆ

ಬೆಳಗಿನ ಎಂಟೂವರೆಗೆ ಬಿಳಿ ಪೆಟ್ಟಿಗೆಯ ಬಾಗಿಲು ತೆರೆಯುತ್ತೇನೆ.
ಒಳಗೆ ಎರಡು ಗಾಜಿನ ಕಡ್ಡಿ, ಅಕ್ಕಪಕ್ಕ.
ಒಂದಕ್ಕೆ ಬರಿಮೈ. ಇನ್ನೊಂದರ ಬುಡಕ್ಕೆ ಒದ್ದೆ ಮಲ್ಲು ಬಟ್ಟೆ,
ಜ್ವರದ ಮಗುವಿನ ಹಣೆಗೆ ಹಾಕಿದ ಹಾಗೆ.
ಇಪ್ಪತ್ತೆಂಟು ವರ್ಷದಿಂದ ಈ ಬಟ್ಟೆಗೆ ನೀರು ಹಾಕುವುದೇ ನನ್ನ ನೌಕರಿ
ಎಂದರೆ ನಾದಿನಿ ಈಗಲೂ ನಗುತ್ತಾಳೆ.

ಎರಡರ ನಡುವೆ ಅಂತರ ಹೆಚ್ಚಿದ್ದರೆ ಒಣಹವೆ.
ನಮ್ಮ ಏಪ್ರಿಲ್ಲು ಹಾಗೇ ಇರುತ್ತಿತ್ತು,
ಬಿಸಿಲಿಗೆ ಬಿಸಿಲು, ನೆರಳಿಗೆ ನೆರಳು,
ಹೊಂಗೆಯ ಕೆಳಗೆ ನಿಂತರೆ ಲೆಕ್ಕ ಚುಕ್ತಾ.
ಈ ಸಲ ಎರಡೂ ಹತ್ತಿರ ಹತ್ತಿರ ಸರಿದು
ಏನೋ ಗುಟ್ಟು ಮಾತಾಡುತ್ತಿವೆ.
ಬೆವರು ಬರುತ್ತದೆ, ಹೋಗುವುದಿಲ್ಲ,
ಬೇಡದ ನೆಂಟನಂತೆ ಕತ್ತಿನಲ್ಲೇ ಕೂತಿರುತ್ತದೆ.

"ಮಂಗಳೂರಾಗೋಯ್ತಲ್ಲ ಮೇಡಂ ನಮ್ಮೂರು"
ಅಂತ ಚಿಕ್ಕರಂಗಪ್ಪ, ಟವೆಲ್ಲು ಹಿಂಡುತ್ತ.
ಮಂಗಳೂರಿಗಾದರೆ ಸಮುದ್ರವಾದರೂ ಇದೆ ಅಂದೆ.

ಹತ್ತರೊಳಗೆ ಮುನ್ಸೂಚನೆಯನ್ನು ಕನ್ನಡಕ್ಕೆ ಇಳಿಸಬೇಕು.
ಕರಾವಳಿ: ಸೆಕೆ, ತೇವಭರಿತ ವಾತಾವರಣ.
ಉತ್ತರ ಒಳನಾಡು: ಉಷ್ಣಾಂಶ ವಾಡಿಕೆಗಿಂತ ಎರಡು ಮೂರು ಡಿಗ್ರಿ ಹೆಚ್ಚು.
ದಕ್ಷಿಣ ಒಳನಾಡು: ಒಂದೆರಡು ಕಡೆ ಗುಡುಗು ಸಹಿತ ಹಗುರ ಮಳೆ.
ಬೆಂಗಳೂರು: ಭಾಗಶಃ ಮೋಡ, ಸಂಜೆ ಅಥವಾ ರಾತ್ರಿ ಮಳೆಯ ಸಾಧ್ಯತೆ ಇದೆ.
'ಇದೆ' ಅಂತ ಬರೆದು, ಸ್ವಲ್ಪ ಹೊತ್ತು ನೋಡಿ,
'ಇರುತ್ತದೆ' ಅಂತ ತಿದ್ದುತ್ತೇನೆ.
'ಇರುತ್ತದೆ'ಯಲ್ಲಿ ತಪ್ಪಿಸಿಕೊಳ್ಳಲು
ಒಂದು ಕಿಂಡಿ ಇದೆ.

ಆಮೇಲೆ ಫೋನು.
ಲಿಂಗರಾಜಪುರದ ಶಾಮಿಯಾನ ಲೂರ್ದುಸ್ವಾಮಿಗೆ ಭಾನುವಾರ ಮಳೆ ಬೇಡ.
ಮಾರ್ಕೆಟ್ಟಿನ ಕದಿರಮ್ಮ: ಕನಕಾಂಬರ ಬಾಡ್ತಾ ಇದೆ, ಬರಲಿ,
ಆದ್ರೆ ಬೆಳಗಿನ ಜಾವ ಬೇಡ, ಬುಟ್ಟಿಯಲ್ಲೇ ಕೊಳೆಯುತ್ತೆ, ಹೇಳಿ ಅವರಿಗೆ.
(ಯಾರಿಗೆ ಅಂತ ನಾನೂ ಕೇಳಲಿಲ್ಲ.)
ಹೊರಮಾವಿನ ಟ್ಯಾಂಕರ್ ಮುನಿರಾಜು
ಎಷ್ಟು ದಿನ ಮೇಡಂ ಹೀಗೇ, ಅನ್ನುತ್ತಾನೆ,
ದನಿಯಲ್ಲಿ ದುಃಖವೋ ಡೀಸೆಲ್ಲೋ ತಿಳಿಯುವುದಿಲ್ಲ.
ಕೊನೆಗೊಂದು ಹುಡುಗಿ, ಒಂಬತ್ತು ಹತ್ತು ವರ್ಷ, ರಜೆಯ ಬೇಸರವಿರಬೇಕು:
"ಆಂಟಿ, ಆ ಒಂದೆರಡು ಕಡೆ ಅಂದ್ರೆ ಎಲ್ಲಿ?
ಅಲ್ಲಿಗೆ ಯಾವ ಬಸ್ಸು ಹೋಗುತ್ತೆ?"

ಉಪಗ್ರಹದ ಚಿತ್ರ ನೋಡಿದೆ. ನೆಲಮಂಗಲದ ಮೇಲೆ
ದೀಪದ ಬತ್ತಿ ಹೊಸೆಯುವಷ್ಟು ಹತ್ತಿ.
ಇನ್ನೂ ಗೊತ್ತಾಗಿಲ್ಲ ಮರಿ, ಅಂದೆ.
ಫೋನಿಟ್ಟ ಮೇಲೆ ನೆನಪಾಯಿತು,
ಅವಳ ಹೆಸರು ಕೇಳಲಿಲ್ಲ, ಯಾವ ಬಡಾವಣೆ ಅಂತಲೂ.

ನಾಲ್ಕೂವರೆಗೆ ಪಡುವಣ ಕಪ್ಪಿಟ್ಟಿತು.
ಅರಮನೆ ರಸ್ತೆಯ ಮಳೆಮರಗಳು ಹೊತ್ತಿಗೆ ಮುಂಚೆಯೇ ಎಲೆ ಮಡಿಸಿಕೊಂಡವು.
ಸ್ಕೂಟರಿನವರು ಫ್ಲೈಓವರ್ ಕೆಳಗೆ ಜಾಗ ಹಿಡಿದರು.
ಕಾವಲಿ ಕಾದಿದೆಯೋ ಇಲ್ಲವೋ ಎಂದು
ಯಾರೋ ಕೈ ಅದ್ದಿ
ನಾಲ್ಕು ಹನಿ ಚಿಮುಕಿಸಿದ ಹಾಗೆ
ಚುಂಯ್ ಅಂದಿತು ರಸ್ತೆ.
ಕಾದಿತ್ತು. ಚೆನ್ನಾಗಿಯೇ ಕಾದಿತ್ತು.
ಹಿಟ್ಟು ಹುಯ್ಯದೆ ಎದ್ದು ಹೋದರು.

ರಾತ್ರಿಯೆಲ್ಲ ನೆಲದ ಹಬೆ. ಕರೆಂಟಿಲ್ಲ.
ಮೇಲಿನ ಮನೆಯ ಕೂಸು ಅಳುತ್ತಿತ್ತು,
ಅದರಮ್ಮ ಹಳೆಯ ಕ್ಯಾಲೆಂಡರಿನಿಂದ ಗಾಳಿ ಬೀಸುವ ಸದ್ದು,
ಹೋದ ವರ್ಷದ ತಿಂಗಳುಗಳೆಲ್ಲ ಪಟಪಟ.

ಇವತ್ತು ಮತ್ತೆ ಎಂಟೂವರೆ.
ಮಳೆಮಾಪಕದ ತಳ ಬರೀ ಪಸೆ.
ಅಳತೆಗೆ ಸಿಗದು, ಆದರೆ ಸೊನ್ನೆ ಬರೆಯುವಂತಿಲ್ಲ.
ಇಂಥದ್ದಕ್ಕೆ ನನ್ನ ಪುಸ್ತಕದಲ್ಲಿ ಒಂದು ಪದ ಇಟ್ಟುಕೊಂಡಿದ್ದೇನೆ: ಲೇಶ.
ಬರೆದೆ. ಶಾಯಿ ಆರಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಅವಳು ಇನ್ನೊಮ್ಮೆ ಫೋನು ಮಾಡಿದರೆ ಹೇಳಬಹುದು:
ಒಂದು ಕಡೆ ಸಿಕ್ಕಿತು ಮರಿ,
ಇಲ್ಲೇ, ನಮ್ಮ ಬೇಲಿಯ ಪಕ್ಕ, ಅಂಗೈ ಅಗಲ.
ಬಸ್ಸು ಬರುವಷ್ಟರಲ್ಲಿ ಆರಿಹೋಯಿತು.
ಎರಡನೆಯದು ಎಲ್ಲೋ.

ಬಟ್ಟೆಗೆ ನೀರು ಹಾಕುತ್ತೇನೆ. ಹತ್ತರೊಳಗೆ
ಕನ್ನಡಕ್ಕೆ ಇಳಿಸಬೇಕು.