ಹಗ್ಗ, ನಲವತ್ತು ಸೆಂಟ್

ಕೌಂಟಿ ಕೋರ್ಟಿನ ನೆಲಮಾಳಿಗೆ. ಕೀಲಿ ಗೊಂಚಲು ಹಿಡಿದ
ವಿಲ್ಡಾ ಕ್ರೋಟ್ಸ್ ಅನ್ನುತ್ತಾಳೆ: ಪೆನ್ಸಿಲ್ ಮಾತ್ರ,
ನಾಲ್ಕೂವರೆಗೆ ಬಾಗಿಲು ಹಾಕುತ್ತೇನೆ.
ಇದು ಮೂರನೆಯ ಬೇಸಿಗೆ. ಪ್ರಶ್ನೆ ಅದೇ.
ಕಾರ್ನ್‌ವಾಲಿನ ತವರದ ಗಣಿಯಲ್ಲಿ
ಕಡಲಿನ ಅಡಿಗೇ ಸುರಂಗ ಕೊರೆದು ಉಂಡವನು
ನೆಬ್ರಾಸ್ಕಾದ ಈ ಹುಲ್ಲಿಗೆ ಯಾಕೆ ಬಂದ?
ಇಲ್ಲಿ ಗಣಿಯಿಲ್ಲ, ಕಡಲಿಲ್ಲ,
ಬೆನ್ನು ಕೊಟ್ಟು ಕೂರೋಣವೆಂದರೆ ಒಂದು ಗುಡ್ಡವೂ ಇಲ್ಲ.

ಮನೆಯಲ್ಲಿ ಉತ್ತರಗಳಿಗೇನು ಬರವೇ?
ಪುಕ್ಕಟೆ ಜಮೀನು, ಅಂದ ದೊಡ್ಡಪ್ಪ ಆರ್ವಿಲ್.
ಪುಸ್ತಕ ತೆಗೆದು ನೋಡಿದೆ: ಮೊದಲ ಇಪ್ಪತ್ತು ವರ್ಷ
ಜೇಬೆಜನ ಹೆಸರಿನಲ್ಲಿ ಗೇಣು ಮಣ್ಣಿಲ್ಲ.
ದೇವರು ಕರೆದ, ಅಂದಳು ಅಜ್ಜಿ.
ಅಲ್ಲೊಬ್ಬಳು ಹೆಂಡತಿಯಿದ್ದಳಂತೆ, ಅಂದಳು ಹೇಜಲ್ ಅತ್ತೆ,
ಕ್ರಿಸ್‌ಮಸ್ಸಿನ ಮೂರನೇ ಗ್ಲಾಸು ಮುಗಿಸಿ.
ಅಪ್ಪ ಏನೂ ಅನ್ನಲಿಲ್ಲ.
ಕೊಟ್ಟಿಗೆಯ ಹಿಂದಿನ ಹಾಳುಬಾವಿಗೆ ಮುಚ್ಚಿದ ಹಲಗೆಯನ್ನು
ವರ್ಷಕ್ಕೊಮ್ಮೆ ಬದಲಿಸುತ್ತಿದ್ದ, ಗಟ್ಟಿಯಿದ್ದರೂ.
ಯಾಕಪ್ಪಾ, ಅಂದರೆ
ನಮ್ಮಪ್ಪನೂ ಬದಲಿಸುತ್ತಿದ್ದ, ಅಷ್ಟೆ.

ಇವತ್ತು ವಿಲ್ಡಾ ತಪ್ಪಿ ಬೇರೆ ಪುಸ್ತಕ ತಂದಳು:
ರಸ್ತೆ, ಸೇತುವೆ, ತೋಳದ ತಲೆಗೆ ಬಹುಮಾನ, ಎಲ್ಲ ಖರ್ಚು.
ಸಾವಿರದೆಂಟುನೂರ ಎಪ್ಪತ್ತೆಂಟು, ಏಪ್ರಿಲ್.
ಚಹಾದ ಬಣ್ಣಕ್ಕೆ ತಿರುಗಿದ ಶಾಯಿ:
'ಜೆ. ಪೆನಲೂರಿ. ಗಣಿಯವನೆಂದು ತಿಳಿದು
ರೈಲಿನಿಂದ ಇಳಿಸಿಕೊಂಡದ್ದು.
ಕುಸಿದ ಶಾಲೆಯ ಬಾವಿಗೆ ಇಳಿದು
ಹುಡುಗನನ್ನು ಮೇಲೆ ತಂದದ್ದಕ್ಕೆ, ಎರಡು ಡಾಲರ್.
ಹಗ್ಗ, ನಲವತ್ತು ಸೆಂಟ್.'

ಹುಡುಗನಿಗೆ ಉಸಿರಿತ್ತೇ? ಬರೆದಿಲ್ಲ.
ಗುಮಾಸ್ತನಿಗೆ ಬೇಕಾದದ್ದು ಹಗ್ಗದ ಬೆಲೆ.
ಪೆನ್‌ಹ್ಯಾಲರಿಕ್ ಅನ್ನುವುದನ್ನು ಕಿವಿಗೆ ಬಿದ್ದಷ್ಟು ಬರೆದುಕೊಂಡ.
ಸರಿಯಾದ ಕಾಗುಣಿತ ಹಿಡಿದು ಮೂರು ವರ್ಷ
ನಾನು ತಪ್ಪು ಕಡೆ ಹುಡುಕಿದೆ.

ಹಾಳೆ ತಿರುವಿದೆ. ಮೇ, ಅದೇ ಜೆ., ಹೆಸರಿಗೆ ಇನ್ನೊಂದು ವೇಷ:
ಹೊಸ ಬಾವಿ, ಅರವತ್ತೆಂಟು ಅಡಿ, ಒಳಗೋಡೆಗೆ ಕಲ್ಲು.
ಜೂನಿನಲ್ಲಿ ಒಂದು. ಸೆಪ್ಟೆಂಬರಿನಲ್ಲಿ ಎರಡು.
ಕಲ್ಲೇ ಇಲ್ಲದ ಈ ಸೀಮೆಯಲ್ಲಿ
ಕಲ್ಲು ಎಲ್ಲಿಂದ ಹೊತ್ತನೋ ಮಾರಾಯ.
ಟಿಕೆಟ್ಟು ಕೊಲೊರಾಡೋದ ಬೆಳ್ಳಿಯವರೆಗೆ ಇದ್ದಿರಬೇಕು.
ಗಂಟುಮೂಟೆ ಅವನಿಲ್ಲದೆ ಅಲ್ಲಿಗೆ ಹೋಗಿ
ಯಾವುದೋ ಪ್ಲಾಟ್‌ಫಾರ್ಮಿನಲ್ಲಿ ಕಾದಿರಬೇಕು.
ಇದು ದಾಖಲೆಯಲ್ಲ, ನನ್ನ ಊಹೆ.

ಹಾಗಾದರೆ ಅವನು ಬರಲಿಲ್ಲ, ಇಳಿಸಿದರು.
ಮತ್ತೆ ಯಾಕೆ ಹತ್ತಲಿಲ್ಲ, ಅದಕ್ಕೆ ಖರ್ಚು ಬೀಳಲಿಲ್ಲ,
ಹಾಗಾಗಿ ಯಾರೂ ಬರೆದಿಲ್ಲ.
ನೀರಿನ ಋಣ ಅನ್ನಬಹುದು. ಅಂದುಬಿಟ್ಟರೆ ಸುಲಭ.
ಕೆಳಗೆ, ಆ ಕತ್ತಲಲ್ಲಿ,
ಹುಡುಗನ ಕೈ ಬೆಚ್ಚಗಿತ್ತೋ ತಣ್ಣಗಿತ್ತೋ
ಅದೊಂದು ಗೊತ್ತಾದರೆ ಉಳಿದದ್ದು ಗೊತ್ತಾಗುತ್ತಿತ್ತೇನೋ.

ಕೀಲಿ ಝಣಝಣಿಸಿತು. ಸಿಕ್ಕಿತಾ, ಅಂದಳು ವಿಲ್ಡಾ.
ಅರ್ಧ, ಅಂದೆ.

ಅಪ್ಪ ಹೋಗಿ ನಾಲ್ಕು ವರ್ಷ,
ಹಲಗೆ ಬದಲಿಸಿಲ್ಲ.
ದಾರಿಯಲ್ಲಿ ಮರದಂಗಡಿಗೆ ನುಗ್ಗಿ
ಎಂಟಡಿಯ ಎರಡು ಹಲಗೆ, ಒಂದು ಪೊಟ್ಟಣ ಮೊಳೆ ಕೊಂಡೆ.
ಬಿಲ್ಲಿಗೆ ಹೆಸರೇನಮ್ಮಾ, ಅಂದ ಹುಡುಗ.
ಹೇಳಿದೆ.
ಅವನು ಕೇಳಿಸಿಕೊಂಡಷ್ಟು ಬರೆದ.
ತಿದ್ದಲಿಲ್ಲ.